ನನ್ನ ತೂಕಕ್ಕೆ ತಕ್ಕ ಶಾಕಬ್ಸರ್

ನಾನು ಮಾನ್ವಿ ತಾಲ್ಲೂಕಿನಲ್ಲಿ ಸರ್ವೆಯರ್. ಹೆಸರು ಗೌತಮ. ಹೊಲ ಅಳೆಯುವುದು, ಬದು ಗುರುತಿಸುವುದು, ಅಣ್ಣತಮ್ಮಂದಿರು ಜಗಳಾಡುವಾಗ ಇಬ್ಬರ ನಡುವೆ ಟೇಪು ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ನಮ್ಮಪ್ಪ ಅಯ್ಯಣ್ಣ ಇದೇ ಇಲಾಖೆಯವರ ಹಿಂದೆ ಕೂಲಿಗೆ ಹೋಗಿ ಸರಪಳಿ ಎಳೆದವರು. ಒಳ್ಳೆ ಎತ್ತರದ ಆಳು. ಜೋಳದ ಹೊಲದೊಳಗೆ ಇಳಿದರೂ ಅವರ ತಲೆ ಮೇಲೆ ಕಾಣುತ್ತಿತ್ತಂತೆ. ನಾನು ಅವ್ವನ ಕಡೆ ಹೋಗಿದ್ದೇನೆ, ಅಂದರೆ ಕುಳ್ಳ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಬೇಕಾದರೆ ಹಿಮ್ಮಡಿ ಎತ್ತಬೇಕು. ತೂಕದ ಮಾತು ಬೇಡ. ಗಾಳಿ ಜೋರಾಗಿ ಬೀಸಿದ ದಿನ ನಮ್ಮವ್ವ ಬಸ್ಸಮ್ಮ, "ಕಿಸೇದಾಗ ಎರಡು ಕಲ್ಲು ಹಾಕ್ಕೊಂಡು ಹೋಗಪ್ಪಾ" ಅನ್ನುತ್ತಾಳೆ.

ಹಳ್ಳಿಗೆ ಹೋದರೆ ಜನ ನನ್ನ ಜೊತೆ ಬಂದ ಸಹಾಯಕನಿಗೆ ಮೊದಲು ನಮಸ್ಕಾರ ಮಾಡುತ್ತಾರೆ. ಅವನು ಒಬ್ಬನೇ ಇದ್ದರೆ ಸಾಹೇಬ, ನಾನು ಒಬ್ಬನೇ ಇದ್ದರೆ "ಸಾಹೇಬ್ರು ಯಾವಾಗ ಬರ್ತಾರ?" ಇದಕ್ಕೆ ನಾನು ಯಾವತ್ತೋ ಹೊಂದಿಕೊಂಡಿದ್ದೇನೆ ಅಂತಲೇ ತಿಳಿದಿದ್ದೆ.

ನನ್ನ ಹೆಂಡತಿ ನಾಗವೇಣಿ ನನಗಿಂತ ಎತ್ತರ. ಮೈಕಟ್ಟಿನಲ್ಲೂ ನನಗಿಂತ ಒಂದೂವರೆ ಪಾಲು. ಮದುವೆಯ ದಿನ ಫೋಟೊ ತೆಗೆಯುವವನು ನನ್ನನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದ. ಫೋಟೊದಲ್ಲಿ ಇಟ್ಟಿಗೆ ಕಾಣುವುದಿಲ್ಲ, ಆದರೆ ನಾನು ಬೀಳುತ್ತೇನೇನೋ ಅಂತ ಅವಳು ನನ್ನ ತೋಳು ಹಿಡಿದುಕೊಂಡಿರುವುದು ಕಾಣುತ್ತದೆ. ನೋಡಿದವರು ಎಷ್ಟು ಪ್ರೀತಿ ಅನ್ನುತ್ತಾರೆ. ಅವಳು ದೇವದುರ್ಗ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್. ನಮ್ಮ ಮನೆ ಇರುವ ರಾಯಚೂರಿನಿಂದ ಬಸ್ಸಿಗೆ ಹೋಗಿ, ಅಲ್ಲಿಂದ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು, ಆಟೊ ಸಿಕ್ಕರೆ ಆಟೊ ಇಲ್ಲದಿದ್ದರೆ ಕಾಲ್ನಡಿಗೆಯಲ್ಲಿ ಹಳ್ಳಿ ತಿರುಗುತ್ತಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಮೋಟರ್‌ಸೈಕಲ್ಲು, ಅದು ನನ್ನದು. ಭಾನುವಾರ ಮಾತ್ರ ಅವಳು ಹಿಂದೆ ಕೂಡುತ್ತಿದ್ದಳು.

ಆ ಗಾಡಿಗೆ ವಯಸ್ಸಾಗಿತ್ತು. ಕಾಲುವೆ ದಂಡೆಯ ದಾರಿ, ಟ್ರ್ಯಾಕ್ಟರ್ ತುಳಿದ ದಾರಿ, ಭತ್ತದ ಗದ್ದೆಯ ನಡುವಿನ ಕೆಸರು, ಎಲ್ಲ ತಿರುಗಿ ಅದರ ಮುಂದಿನ ಶಾಕಬ್ಸರ್ ಸೋತುಹೋಗಿದ್ದವು. ತಗ್ಗು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ಢಣ್ ಅನ್ನುತ್ತಿತ್ತು. ಬ್ರೇಕು ಹಿಡಿದರೆ ಮೂತಿ ನೆಲಕ್ಕೆ ಬಾಗುತ್ತಿತ್ತು. ಒಳಗಿನ ಎಣ್ಣೆ ಸೋರಿ ಮಡ್‌ಗಾರ್ಡಿನ ತನಕ ಇಳಿದಿತ್ತು. ಒಂದು ದಿನ ಹಿರೇಕೊಟ್ನೆಕಲ್‌ನಲ್ಲಿ ವಿರೂಪಣ್ಣ ಅನ್ನುವ ರೈತರ ಹೊಲಕ್ಕೆ ಹೋದಾಗ ಅವರು ಮಜ್ಜಿಗೆ ಕೊಟ್ಟು, ಸೌಜನ್ಯದಿಂದಲೇ ಹೇಳಿದರು, "ನೀವು ಬರೋದು ಕಾಲುವಿ ಆ ಕಡಿಂದನ ಕೇಳಸ್ತದ್ರಿ ಸರ್. ನಮ್ಮ ಎಮ್ಮಿ ಎದ್ದು ನಿಂತಿದ್ವು."

ಮಜ್ಜಿಗೆ ಅರ್ಧಕ್ಕೇ ಕೆಳಗಿಟ್ಟೆ. ಸಂಜೆ ರಾಯಚೂರಿಗೆ ಬಂದು ಸೀದಾ ತೀನ್ ಕಂದೀಲ್ ಚೌಕದ ಹತ್ತಿರದ ಶಕೀಲನ ಅಂಗಡಿಗೆ ಹೋದೆ. ಶಕೀಲ ನನ್ನ ಜೊತೆ ಓದಿದವನು. ಸೀಟ್ ಕವರು, ಹೆಲ್ಮೆಟ್ಟು, ಹಾರ್ನು ಮಾರುತ್ತಾನೆ. ಆವತ್ತಿನ ತನಕ ಒಂದು ಶಾಕಬ್ಸರನ್ನೂ ಬಿಚ್ಚಿ ನೋಡಿದವನಲ್ಲ, ಆದರೆ ಶಾಕಬ್ಸರ್ ಬಗ್ಗೆ ಅವನಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು.

"ಬರೇ ಸೀಲ್ ಹಾಕಿಸಿದ್ರ ಏನು ಬಂತಲೇ," ಅಂದ. "ಪೂರಾ ಬದಲ್ ಮಾಡು. ಮುಂದ ಹೊಸ ಸ್ಪ್ರಿಂಗು, ಹೊಸ ಎಣ್ಣಿ. ಹಿಂದ ಗ್ಯಾಸಿನ ಶಾಕಬ್ಸರ್. ಮನ್ಯಾಗ ಕುಂತು ಮಾಡಬಹುದು. ವಿಡಿಯೋ ಅದಾವ."

ನಾವಿಬ್ಬರೂ ವಿಡಿಯೋ ನೋಡಿದೆವು. ಅದರಲ್ಲಿ ಒಬ್ಬ ಗಡ್ಡದವನು ಬಿಳಿ ಅಂಗಿ ಹಾಕಿಕೊಂಡು, ಅಂಗಿಗೆ ಒಂದು ಕಲೆಯೂ ಆಗದಂತೆ, ಮಾತಾಡುತ್ತ ಮಾತಾಡುತ್ತ ಇಡೀ ಕೆಲಸ ಮುಗಿಸಿಬಿಟ್ಟ. ನನಗೆ ಧೈರ್ಯ ಬಂತು. ಸಾಮಾನು ಮಾರುವ ಕಂಪನಿಗೆ ಅಂಗಡಿಯಿಂದಲೇ ಫೋನು ಹಚ್ಚಿದೆವು. ಆ ಕಡೆ ಒಬ್ಬ ಹುಡುಗಿ, ಬೆಂಗಳೂರಿನ ಕನ್ನಡ.

"ಸರ್, ಗಾಡಿ ಓಡಿಸೋರ ತೂಕ ಎಷ್ಟಿದೆ? ಅದಕ್ಕೆ ಸರಿಯಾಗಿ ಸ್ಪ್ರಿಂಗ್ ಕಳಿಸ್ತೀವಿ."

ನನ್ನ ತೂಕ ಐವತ್ತೆರಡು. ಆದರೆ ಅಂಗಡಿಯಲ್ಲಿ ಹೆಲ್ಮೆಟ್ ನೋಡುತ್ತಿದ್ದ ಇಬ್ಬರು ಗಿರಾಕಿಗಳು ಇತ್ತ ತಿರುಗಿದ್ದರು. ಇಬ್ಬರೂ ದಪ್ಪ ಮೀಸೆಯವರು. ನನ್ನ ಬಾಯಿಂದ "ಎಪ್ಪತ್ತೆಂಟು" ಅಂತ ಬಂತು.

"ಲಗೇಜ್ ಇರುತ್ತಾ ಸರ್?"

"ಇರ್ತದ್ರಿ. ಸರ್ವೆ ಸಾಮಾನು. ಭಾರ ಇರ್ತಾವ."

ಸರ್ವೆ ಸಾಮಾನು ಸಹಾಯಕನ ಗಾಡಿಯಲ್ಲಿ ಬರುತ್ತದೆ. ಶಕೀಲ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಹೆಲ್ಮೆಟ್ಟುಗಳ ಧೂಳು ಒರೆಸತೊಡಗಿದ. ಗೆಳೆತನ ಅಂದರೆ ಇದು ಅಂದುಕೊಂಡೆ.

ಸಾಮಾನು ಬಂದ ಮೇಲಿನ ಭಾನುವಾರ ಗಾಡಿಯನ್ನು ಪಡಸಾಲೆಯೊಳಗೆ ತಂದೆವು. ಅಂಗಳದಲ್ಲಿ ಮಾಡಬಹುದಿತ್ತು. ಆದರೆ ಮುಂದಿನ ಗಾಲಿ ಬಿಚ್ಚಿದರೆ ಮೂತಿಯನ್ನು ಎತ್ತಿ ಹಿಡಿಯುವುದಕ್ಕೆ ಏನಾದರೂ ಬೇಕು. ನಮ್ಮ ಪಡಸಾಲೆಯ ಮಾಳಿಗೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇದೆ. ಅದಕ್ಕೆ ಹಗ್ಗ ಹಾಕಿ ಗಾಡಿಯ ಕೊರಳಿಗೆ ಕಟ್ಟಿದೆವು. ಅವ್ವ ಅಕ್ಕಿ ಆರಿಸುವ ಮರ ಹಿಡಿದು ಬಂದು, ಹೊಸ್ತಿಲ ಹತ್ತಿರ ಕೂತು ನೋಡಿದಳು.

"ನಿನ್ನ ತೊಟ್ಟಿಲಾ ಅಲ್ಲೇ ಕಟ್ಟಿದ್ವಿ," ಅಂದಳು. "ನೀ ಇಷ್ಟು ಭಾರ ಇದ್ದಿಲ್ಲ."

ನಾಗವೇಣಿ ಅಡುಗೆಮನೆಯಿಂದ ಬಂದು ಹಗ್ಗದ ಗಂಟು ಜಗ್ಗಿ ನೋಡಿ, ತನ್ನ ಕೆಲಸದ ಚೀಲದಿಂದ ಪ್ಲಾಸ್ಟಿಕ್ ಕನ್ನಡಕ ತೆಗೆದುಕೊಟ್ಟಳು. "ಸ್ಪ್ರಿಂಗಿನ ಕೆಲಸ. ಕಣ್ಣಿಗಿ ಹಾಕ್ಕೋರಿ." ಬೇಡ ಅನ್ನಲು ಬಾಯಿ ತೆರೆದೆ. ಅವಳು ಅದನ್ನು ನನ್ನ ಮೂಗಿನ ಮೇಲೆ ಇಟ್ಟೇ ಹೋದಳು.

ಗಾಲಿ ಬಂತು, ಬ್ರೇಕು ಬಂತು, ಮಡ್‌ಗಾರ್ಡು ಬಂತು. ಮುಂದಿನ ಶಾಕಬ್ಸರಿನ ಎರಡು ಕೊಳವೆಗಳನ್ನೂ ಕೆಳಕ್ಕೆ ಎಳೆದುಕೊಂಡೆವು. ಕೊಳವೆಯ ನೆತ್ತಿಯ ಮೇಲೆ ಒಂದು ತಿರುಪಿನ ಮುಚ್ಚಳ, ಅದರ ಕೆಳಗೆ ಒತ್ತಿಕೊಂಡು ಕೂತ ಸ್ಪ್ರಿಂಗು. ಗಡ್ಡದವನು, ಮುಚ್ಚಳ ಬಿಚ್ಚುವಾಗ ಮೇಲಿಂದ ಒತ್ತಿ ಹಿಡಿಯಿರಿ ಅಂತ ಹೇಳಿದ್ದನಂತೆ. ಆ ಹೊತ್ತಿಗೆ ನಾವು ಅವನ ಅಂಗಿ ನೋಡುತ್ತಿದ್ದೆವು. ಕೊನೆಯ ಸುತ್ತು ತಿರುವಿದೊಡನೆ ಮುಚ್ಚಳ ನನ್ನ ಕನ್ನಡಕ ಸವರಿಕೊಂಡು ಹಾರಿ, ಗೋಡೆಯ ಬುದ್ಧನ ಪಟದಿಂದ ಒಂದು ಗೇಣು ದೂರದಲ್ಲಿ ಗಾರೆ ಕಿತ್ತು, ಅವ್ವನ ಮರದೊಳಗೆ ಬಿತ್ತು. ಬುದ್ಧ ಕಣ್ಣು ತೆರೆಯಲಿಲ್ಲ. ಅವ್ವ ಅಕ್ಕಿಯೊಳಗಿಂದ ಮುಚ್ಚಳ ಆರಿಸಿ ಪಕ್ಕಕ್ಕಿಟ್ಟು, ಮರ ಹಿಡಿದುಕೊಂಡು ಒಳಗೆ ಹೋದಳು.

ನಾನು ಗಾಬರಿಯಲ್ಲಿ ಕೊಳವೆ ಕೈಬಿಟ್ಟಿದ್ದೆ. ಹಳೆಯ ಎಣ್ಣೆ ಫರಸಿ ಕಲ್ಲಿನ ಮೇಲೆ ಹರಿದು, ಒಣಮೀನು ಕೊಳೆತಂಥ ವಾಸನೆ ಇಡೀ ಮನೆಗೆ ಹಿಡಿಯಿತು. ಕಲ್ಲಿನ ಸಂದಿಯಲ್ಲಿ ಅದರ ಕಪ್ಪು ಈಗಲೂ ಇದೆ. ಅಲ್ಲಿಂದ ಮುಂದೆ ನಿಧಾನಕ್ಕೆ ಮಾಡಿದೆವು. ಹಳೆಯ ಸೀಲು ಕಿತ್ತು, ಪೈಪಿನ ತುಂಡು ಇಟ್ಟು ತಟ್ಟಿ ಹೊಸ ಸೀಲು ಕೂರಿಸಿದೆವು. ಹೊಸ ಎಣ್ಣೆಯನ್ನು ನಾಗವೇಣಿ ಕೊಟ್ಟ ಅಳತೆಯ ಲೋಟದಿಂದ ಹಾಕಿದೆವು. ಹಿಂದಿನ ಶಾಕಬ್ಸರ್ ತೆಗೆಯುವಾಗ ಬೋಲ್ಟು ತುಕ್ಕು ಹಿಡಿದು ಕದಲಲಿಲ್ಲ. ನಾನು ಬೋಲ್ಟು ತಿರುಗಿಸುವ ಪಾನಾದ ಮೇಲೆ ಹತ್ತಿ ನಿಂತೆ. ಆಗಲೂ ಕದಲಲಿಲ್ಲ. ಶಕೀಲ ನನ್ನನ್ನು ಇಳಿಸಿ ತಾನು ಕಾಲಿಟ್ಟ, ತಿರುಗಿತು. ನನ್ನ ತೂಕದ ಬಗ್ಗೆ ನಾನು ಅಲ್ಲಿಯೇ ಯೋಚಿಸಬೇಕಾಗಿತ್ತು.

ಎಲ್ಲ ಜೋಡಿಸಿ ಅಂಗಳಕ್ಕೆ ಇಳಿಸಿದಾಗ ಗಾಡಿ ಚೆಂದ ಕಂಡಿತು. ಎದೆ ಎತ್ತಿ ನಿಂತ ಹೋರಿಯ ಹಾಗೆ. ಕಂಪನಿಯ ಹುಡುಗಿ ಒಂದು ಮಾತು ಹೇಳಿದ್ದಳು: ಸವಾರ ಕೂತಾಗ ಗಾಡಿ ಇಂತಿಷ್ಟು ಕುಗ್ಗಬೇಕು, ಕುಗ್ಗಿದರೆ ಸ್ಪ್ರಿಂಗು ಸರಿ ಅಂತ ಅರ್ಥ. ನನ್ನ ಸರ್ಕಾರಿ ಟೇಪು ತಂದೆ. ನಾನು ಹತ್ತಿ ಕೂತೆ. ಶಕೀಲ ಅಳೆದ. ಮತ್ತೊಮ್ಮೆ ಅಳೆದ. ಉಗುರಿನಷ್ಟು ಮಾತ್ರ ಕುಗ್ಗಿತ್ತು.

ಅವ್ವ ಬಾಗಿಲಿಂದ ನೋಡುತ್ತಿದ್ದಳು. "ನೀ ಕುಂತಿದ್ದು ಗಾಡಿಗಿ ಗೊತ್ತಾಗಿಲ್ಲೋ ಯಪ್ಪಾ."

"ಹೊಸಾದು ಬಿಗಿ ಇರ್ತದಬೇ," ಅಂದೆ. "ಓಡಿದಂಗ ಸಡ್ಲ ಆಗ್ತದ." ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕೆಟ್ಟ ರಸ್ತೆಗೆ ಹಿಂದಿನ ಸ್ಪ್ರಿಂಗ್ ಇನ್ನೂ ಬಿಗಿ ಮಾಡಬೇಕು ಅಂತ ಗಡ್ಡದವನು ಹೇಳಿದ್ದು ನೆನಪಾಗಿ, ತಿರುವಿ ತಿರುವಿ ಇನ್ನಷ್ಟು ಎತ್ತರ ಮಾಡಿದೆ.

ಸೋಮವಾರ ಸಿರವಾರದ ಕಡೆ ಒಂದು ಹೊಲದ ಕೆಲಸ ಇತ್ತು. ಮನೆಯ ಮುಂದಿನ ಕಟ್ಟೆ ಹತ್ತಿ ಗಾಡಿಯ ಮೇಲೆ ಕೂತೆ. ಊರು ದಾಟುವುದರೊಳಗೆ ಒಂದು ವಿಷಯ ತಿಳಿಯಿತು: ಓಡುವುದೇನೋ ಓಡುತ್ತದೆ, ನಿಲ್ಲಿಸುವುದಕ್ಕೆ ಪಕ್ಕದಲ್ಲಿ ಏನಾದರೂ ಎತ್ತರದ್ದು ಬೇಕು. ಸರ್ಕಲ್ಲಿನಲ್ಲಿ ಡಿವೈಡರಿಗೆ ಕಾಲು ಕೊಟ್ಟೆ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಕಟ್ಟೆಗೆ ಕಾಲು ಕೊಟ್ಟೆ. ಹೆದ್ದಾರಿಗೆ ಬಂದ ಮೇಲೆ ಸ್ಪ್ರಿಂಗಿನ ಗುಣ ಗೊತ್ತಾಯಿತು. ಹಳೆಯದು ಶಬ್ದ ಮಾಡುತ್ತಿತ್ತು, ಹೊಸದು ಮಾತಿಲ್ಲದೆ ನನ್ನನ್ನು ಮೇಲಕ್ಕೆ ಎಸೆಯುತ್ತಿತ್ತು. ಪ್ರತಿ ತಗ್ಗೂ ಬೆನ್ನುಹುರಿ ಹಿಡಿದು ನೆತ್ತಿಗೆ ಹತ್ತಿತು. ಒಂದೊಂದು ಸಲ ಗಾಡಿ ಮುಂದೆ ಹೋಗಿ ನಾನು ಹಿಂದಿನಿಂದ ಬಂದು ಕೂತಂತೆ ಅನ್ನಿಸಿತು.

ಸಿರವಾರದಲ್ಲಿ ಚಹಾದ ಹೋಟೆಲ್ ಮುಂದೆ ನಿಲ್ಲಿಸಿದೆ. ಅಲ್ಲಿ ನೆಲ ಒಂದು ಕಡೆಗೆ ಇಳಿಜಾರು. ಕಾಲು ಚಾಚಿದೆ, ನೆಲ ಸಿಗಲಿಲ್ಲ. ಇನ್ನಷ್ಟು ಚಾಚಿದೆ. ಆಮೇಲೆ ನಾನೂ ಗಾಡಿಯೂ ಕಡಿದ ಮರದ ಹಾಗೆ, ಸಾವಕಾಶವಾಗಿ, ಎಲ್ಲರೂ ನೋಡುವಷ್ಟು ಹೊತ್ತು ತೆಗೆದುಕೊಂಡು ಉರುಳಿದೆವು. ಭತ್ತದ ವ್ಯಾಪಾರಿಗಳು ಕಪ್ಪು ಹಿಡಿದು ಕೂತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾಲ್ಕು ಜನ ಗಾಡಿ ಎತ್ತಿದರು, ಒಬ್ಬರು ನನ್ನನ್ನು ಎತ್ತಿದರು, ಅದೂ ಒಂದೇ ಕೈಯಲ್ಲಿ. ಎತ್ತಿದವರು ದೊಡ್ಡ ಮನಸ್ಸಿನ ಮನುಷ್ಯ. ನಿಂತ ಗಾಡಿಯಿಂದ ಬಿದ್ದವನಿಗೆ ಒಂದು ಕಾರಣ ಬೇಕಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

"ಏನರ ಅಡ್ಡ ಬಂತೇನ್ರಿ ಸರ್?"

"ಹೌದ್ರಿ. ನಾಯಿ."

ಅವರು ಸುತ್ತ ನೋಡಿದರು. ನಾಯಿ ಇರಲಿಲ್ಲ. ಆದರೂ ಮರ್ಯಾದೆಗಾಗಿ ಇನ್ನೊಂದು ಸಲ ನೋಡಿದರು.

ಹೊಲದ ಕೆಲಸ ಮುಂದಕ್ಕೆ ಹಾಕಿ ಮನೆಗೆ ವಾಪಸ್ಸು ಬಂದೆ. ಗಾಡಿಯನ್ನು ಗೋಡೆಗೆ ಆನಿಸಿ ಇಳಿದೆ. ನಾಗವೇಣಿ ಸಂಜೆ ಬಂದು ಮೊಣಕೈ ತೊಳೆದು ಪಟ್ಟಿ ಕಟ್ಟಿದಳು.

"ಹೆಂಗ ಬಿದ್ರಿ?"

"ನಾಯಿ ಅಡ್ಡ ಬಂತು."

"ಯಾವ ಬಣ್ಣದ್ದು?"

"ಕರೀದು."

"ಹೂಂ," ಅಂದಳು. ಪಟ್ಟಿಯನ್ನು ಸ್ವಲ್ಪ ಬಿಗಿಯಾಗಿಯೇ ಕಟ್ಟಿದಳು.

ಮುಂದಿನ ಭಾನುವಾರ ಹಳೆಯ ಸ್ಪ್ರಿಂಗುಗಳನ್ನೇ ಹಾಕಿಬಿಡುವುದು ಅಂತ ಒಳಗೊಳಗೇ ತೀರ್ಮಾನ ಮಾಡಿದೆ. ಆದರೆ ಗುರುವಾರ ಬಸ್ಸುಗಳು ಓಡಲಿಲ್ಲ. ನೌಕರರ ಮುಷ್ಕರ. ನಾಗವೇಣಿಗೆ ಅಂದು ಲಸಿಕೆಯ ದಿನ, ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಕಾಯುತ್ತಿರುತ್ತಾರೆ. ಅವಳು ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಾಡಿ, ನನ್ನ ಮುಂದೆ ಬಂದು ನಿಂತು ಕೇಳಿದಳು, "ಚಾವಿ ಎಲ್ಲದ?"

"ನನ್ನ ಕೈ ಹಿಂಗದ. ಯಾರು ಓಡಸಬೇಕು?"

"ನಾನ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಚಾವಿ ಕೊಟ್ಟೆ, ಅವಳು ತಾನೇ ಸೋತು ವಾಪಸ್ಸು ಕೊಡುತ್ತಾಳೆ ಅನ್ನುವ ನಂಬಿಕೆಯಿಂದ. ಅವಳು ಚೂಡಿದಾರದ ಮೇಲೆ ಬಿಳಿ ಕೋಟು ಹಾಕಿಕೊಂಡು ಬಂದು, ಕಟ್ಟೆಯ ಹಂಗಿಲ್ಲದೆ ಗಾಡಿಯ ಮೇಲೆ ಕೂತಳು. ಗಾಡಿ ಅವಳ ಕೆಳಗೆ ಉಸ್ ಅಂತ ಸ್ವಲ್ಪ ಇಳಿದು ಸುಧಾರಿಸಿಕೊಂಡಿತು. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದ್ದವು. ಗೇರು ಹಾಕಿ, ಓಣಿಯ ತಿರುವಿನಲ್ಲಿ ಇಂಡಿಕೇಟರ್ ತೋರಿಸಿ ಹೋದಳು. ನಾನು ಆ ತಿರುವಿನಲ್ಲಿ ಒಂದು ದಿನವೂ ಇಂಡಿಕೇಟರ್ ಹಾಕಿದವನಲ್ಲ.

"ಅಕಿ ದೇವದುರ್ಗದಾಗ ಅವರಣ್ಣನ ಗಾಡಿ ಓಡಸ್ತಿದ್ಲಲ್ಲ," ಅಂದಳು ಅವ್ವ. "ಮದುವಿಗಿ ಮುಂಚೆ. ನಿನಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಯಾರ್ಯಾರ ಹೊಲದ ಬದು ಎಲ್ಲಿ ಒತ್ತುವರಿಯಾಗಿದೆ ಅಂತ ಒಂದು ತಾಲ್ಲೂಕಿನಷ್ಟು ತಿಳಿದವನಿಗೆ, ಇಷ್ಟು ವರ್ಷ ಬೆನ್ನ ಹಿಂದೆ ಕೂತು ಬಂದವಳಿಗೆ ಗಾಡಿ ಓಡಿಸಲು ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಆ ದಿನ ರಜೆ ಹಾಕಿದ್ದೆ. ಹಗಲೆಲ್ಲ ಬಾಗಿಲಿಗೂ ಫೋನಿಗೂ ತಿರುಗಿದೆ. ಅವಳು ಫೋನು ಎತ್ತಲಿಲ್ಲ. ನನ್ನ ತಲೆಯಲ್ಲಿ ಗಬ್ಬೂರಿನ ಆಚೆಯ ಪ್ರತಿಯೊಂದು ತಗ್ಗೂ ಬಂದು ಹೋಯಿತು. ನಾನೇ ಬಿಗಿದ ಬೋಲ್ಟುಗಳು ಒಂದೊಂದಾಗಿ ನೆನಪಾದವು. ಕೆಲವು ನೆನಪಾಗಲೇ ಇಲ್ಲ, ಅದು ಇನ್ನೂ ಹೆದರಿಕೆ.

ಬಿಸಿಲು ಇಳಿಯುವಾಗ ಬಂದಳು. ಮುಖದ ತುಂಬ ಧೂಳು, ಹೆಲ್ಮೆಟ್ಟಿನ ಗುರುತು. ಇಳಿದು ನೀರು ಕುಡಿದು ಹೇಳಿದಳು, "ಗಾಡಿ ಭಾಳ ಚಲೋ ಆಗ್ಯಾದ. ತಗ್ಗು ಬಂದದ್ದ ಗೊತ್ತಾಗಲಿಲ್ಲ ನೋಡ್ರಿ. ಆಟೊದವರು ಬರೂದಿಲ್ಲ ಅಂತಿದ್ರಲ್ಲ, ಆ ಎರಡು ತಾಂಡಾಕ್ಕೂ ಹೋಗಿ ಬಂದೆ. ಹದಿನೈದು ದಿನಕ್ಕೊಮ್ಮೆ ಹೋಗ್ತಿದ್ದೆ. ಇವತ್ತ ಹೋದ್ರ, ಇನ್ನೂ ವಾರ ಅದಲ್ಲ, ಯಾಕ ಸಿಸ್ಟರ್ ಇವತ್ತ ಬಂದ್ರಿ ಅಂತ ಕೇಳಿದ್ರು."

"ನಿನಗ ಓಡಸಾಕ ಬರ್ತದ ಅಂತ ಯಾಕ ಹೇಳಲಿಲ್ಲ?"

ಅವಳು ಯೋಚಿಸಿದಳು. "ಮುಚ್ಚಿಡಬೇಕು ಅಂತೇನು ಇರಲಿಲ್ಲ. ನೀವು ಗಾಡಿ ಚಾಲೂ ಮಾಡಿ, ಕೂಡು ಅಂತಿದ್ರಿ. ಕೂಡತಿದ್ದೆ."

ಉತ್ತರ ಇಲ್ಲದಾಗ ಅಳೆಯುವುದು ನನ್ನ ಅಭ್ಯಾಸ. ಶಕೀಲನನ್ನು ಕರೆಸಿದೆ. ನಾಗವೇಣಿಯನ್ನು ಮನೆಗೆ ತಂದಿದ್ದ ಲಸಿಕೆಯ ಡಬ್ಬಿ ಸಮೇತ ಗಾಡಿಯ ಮೇಲೆ ಕೂರಿಸಿ ಟೇಪು ಹಿಡಿದೆವು. ಕಂಪನಿಯ ಹುಡುಗಿ ಹೇಳಿದಷ್ಟೇ, ಒಂದು ಗೆರೆ ಹೆಚ್ಚಿಲ್ಲ ಕಮ್ಮಿಯಿಲ್ಲ, ಗಾಡಿ ಕುಗ್ಗಿತ್ತು.

"ಸರೀನ ಬಂತು," ಅಂದ ಶಕೀಲ ಸಂತೋಷದಲ್ಲಿ. "ಎಪ್ಪತ್ತೆಂಟು ಕಿಲೋಕ್ಕ ಅಂತ ಹೇಳಿ ತರಿಸಿದ್ದಲ್ಲ."

ನಾನು ಟೇಪು ಸುತ್ತತೊಡಗಿದೆ.

"ಯಾರು ಎಪ್ಪತ್ತೆಂಟು?" ಅಂದಳು ನಾಗವೇಣಿ.

ಶಕೀಲನಿಗೆ ಅಂಗಡಿಯಲ್ಲಿ ಕೆಲಸ ನೆನಪಾಯಿತು. ಅವನು ಹೋದ ಮೇಲೆ ನಾನು ನೆಲ ನೋಡುತ್ತ, "ನನ್ನ ತೂಕ ಕೇಳಿದ್ರು, ಅಷ್ಟಂತ ಹೇಳಿದ್ದೆ" ಅಂದೆ. ಅವಳು ನನ್ನನ್ನು ನೋಡಿದಳು, ಟೇಪು ನೋಡಿದಳು, ನನ್ನ ಮೊಣಕೈ ನೋಡಿದಳು. ನಾಯಿಯ ಬಣ್ಣವೂ ಆಗಲೇ ಅವಳಿಗೆ ಅರ್ಥವಾಗಿರಬೇಕು. ಗಾಡಿಯಿಂದ ಇಳಿದು ಕಟ್ಟೆಯ ಮೇಲೆ ಕೂತು, ಸೆರಗಿಲ್ಲದ್ದಕ್ಕೆ ಕೋಟಿನ ತೋಳಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಒಳಗಿಂದ ಅವ್ವನೂ ನಕ್ಕದ್ದು ಕೇಳಿಸಿತು. ಕೊನೆಗೆ ನನಗೂ ತಡೆಯಲಾಗಲಿಲ್ಲ.

"ಹಳೇ ಸ್ಪ್ರಿಂಗ್ ಹಾಕಬ್ಯಾಡ್ರಿ," ಅಂದಳು ನಗು ನಿಂತ ಮೇಲೆ.

ಹಾಕಲಿಲ್ಲ. ಮುಷ್ಕರ ಮುಗಿದು ಬಸ್ಸುಗಳು ಮೊದಲಿನಂತೆ ಓಡಿದವು. ಅವುಗಳಲ್ಲಿ ಈಗ ಓಡಾಡುವವನು ನಾನು. ಮಾನ್ವಿಯಲ್ಲಿ ಇಳಿದು, ಹಳ್ಳಿಗೆ ಸಹಾಯಕನ ಗಾಡಿಯ ಹಿಂದೆ ಕೂತು ಹೋಗುತ್ತೇನೆ. ಹಿಂದೆ ಕೂತು ನೋಡಿದಾಗ ಗೊತ್ತಾಗುತ್ತದೆ, ಮುಂದಿನವನು ತಗ್ಗು ತಪ್ಪಿಸುವುದು ಬರೀ ತನ್ನ ಗಾಲಿಯ ಲೆಕ್ಕದಲ್ಲಿ. ನಾಗವೇಣಿ ಅಷ್ಟು ವರ್ಷ ಇದನ್ನು ಹೇಳದೆ ಕೂತಿದ್ದಳು.

ಶಾಕಬ್ಸರ್ ಕೆಲಸ ಮಾತ್ರ ನನಗೆ ಅಂಟಿಕೊಂಡಿತು. ಅವಳ ಗಾಡಿಯ ಎಣ್ಣೆ ಬದಲಿಸುವುದು, ಸೀಲು ನೋಡುವುದು ನನ್ನ ಜವಾಬ್ದಾರಿ. ಅವಳ ಜೊತೆಯ ಇಬ್ಬರು ಸಿಸ್ಟರುಗಳು, ಫಾರ್ಮಸಿಯವರೊಬ್ಬರು ತಮ್ಮ ಗಾಡಿಗಳನ್ನೂ ತಂದರು. ಮುಚ್ಚಳವನ್ನು ಈಗ ಒತ್ತಿ ಹಿಡಿದೇ ಬಿಚ್ಚುತ್ತೇನೆ. ಸ್ಪ್ರಿಂಗು ತರಿಸುವಾಗ ಯಾರ ತೂಕವನ್ನೂ ಬಾಯಿಮಾತಿನಲ್ಲಿ ಕೇಳುವುದಿಲ್ಲ. ಪಡಸಾಲೆಯಲ್ಲಿ ತೂಕದ ಯಂತ್ರ ಇಟ್ಟಿದ್ದೇನೆ, ಹತ್ತಿ ನಿಲ್ಲಿರಿ ಅನ್ನುತ್ತೇನೆ. ಗಂಡಸರು, ತೂಕ ಹೆಚ್ಚು ಬರಲಿ ಅಂತ, ಜೇಬಿನಿಂದ ಏನೂ ತೆಗೆಯದೆ ಹತ್ತುತ್ತಾರೆ.

ಮೊನ್ನೆ ಬೆಳಿಗ್ಗೆ ಮಾನ್ವಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಕಲ್ಮಲಾ ಹತ್ತಿರ ಬಂದಾಗ ಹಿಂದಿನಿಂದ ಹಾರ್ನು ಕೇಳಿಸಿತು. ನಾಗವೇಣಿ ಬಸ್ಸನ್ನು ದಾಟಿ ಮುಂದೆ ಹೋದಳು. ಬೆನ್ನು ನೆಟ್ಟಗೆ, ಡಬ್ಬಿ ಹಿಂದಿನ ಸೀಟಿಗೆ ಬಿಗಿದಿತ್ತು. ರಸ್ತೆ ಅಗೆದ ಕಡೆ ಬಸ್ಸು ಎದ್ದು ಬಿದ್ದು ನಮ್ಮೆಲ್ಲರ ತಲೆ ಅಲ್ಲಾಡಿತು. ಅವಳ ಗಾಡಿ ಒಮ್ಮೆ ತಗ್ಗಿ ಎದ್ದು, ಸುಮ್ಮನೆ ಸಾಗಿತು. ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದ ಹಿರಿಯರನ್ನು ಮೊಣಕೈಯಿಂದ ತಟ್ಟಿದೆ.

"ಆ ಗಾಡಿ ನೋಡ್ರಿ. ಅದರ ಶಾಕಬ್ಸರ್ ನಾನ ಹಾಕಿದ್ದು."

ಅವರು ಕಣ್ಣು ಬಿಟ್ಟು ಕಿಟಕಿಯ ಆಚೆ ನೋಡಿದರು. "ಯಾವ ಗಾಡಿರಿ?"

ಅಷ್ಟರಲ್ಲಿ ಅವಳು ದೇವದುರ್ಗದ ರಸ್ತೆಗೆ ಹೊರಳಿದ್ದಳು. ನಮ್ಮ ಬಸ್ಸು ಮಾನ್ವಿಯ ಕಡೆ ತಿರುಗಿತು. ಹಿರಿಯರು ಮತ್ತೆ ಕಣ್ಣು ಮುಚ್ಚಿದರು.